ಕೆಂಪು–ಹಸಿರಿನ ನಡುವೆ ಒಂದು ಗುಟ್ಟು

ಪುಣೆ ಹತ್ತಿರ ಚಾಕಣದ ಒಂದು ಗೋದಾಮಿಗೆ ನಮ್ಮ ತಂಡ ಸಾಫ್ಟ್‌ವೇರ್ ಮಾಡಿಕೊಟ್ಟಿತ್ತು. ಪೆಟ್ಟಿಗೆ ಕಳಿಸಬಹುದಾದರೆ ಸ್ಕ್ರೀನ್ ಮೇಲೆ ಹಸಿರು ಚುಕ್ಕೆ, ತಡೆಯಬೇಕಾದರೆ ಕೆಂಪು ಚುಕ್ಕೆ. ಕೆಲವೇ ದಿನಗಳಲ್ಲಿ ದೂರು ಬಂತು: ಒಂದು ಪಾಳಿಯಲ್ಲಿ ಮಾತ್ರ ತಪ್ಪು ಪೆಟ್ಟಿಗೆಗಳು ಹೋಗುತ್ತಿವೆ. ಕೋಡ್ ಜಾಲಾಡಿದರೂ ದೋಷ ಸಿಗದೆ ನಾನೇ ಅಲ್ಲಿಗೆ ಹೋದೆ. ಚಹಾದ ಹೊತ್ತಿಗೆ ಆ ಪಾಳಿಯ ಹಿರಿಯರೊಬ್ಬರು ಪಕ್ಕಕ್ಕೆ ಕರೆದು ಮರಾಠಿಯಲ್ಲಿ ಮೆಲ್ಲಗೆ ಹೇಳಿದರು: “ಸಾಹೇಬ್, ನನಗೆ ಎರಡೂ ಚುಕ್ಕೆ ಒಂದೇ ಥರ ಕಾಣ್ತವೆ. ಮೇಲಿನವರಿಗೆ ಹೇಳಬೇಡಿ, ಕೆಲಸ ಹೋಗುತ್ತೆ.”

ನನಗೆ ಬ್ಯಾಡಗಿ ಕಡೆಯ ಸೋದರಮಾವ ನೆನಪಾದರು. ಚಿಕ್ಕಂದಿನಲ್ಲಿ ಹಣ್ಣಾದ ಮೆಣಸಿನಕಾಯಿ ಬಿಡಿಸಲು ಕಳಿಸಿದರೆ ಹಸಿಕಾಯಿಯನ್ನೂ ತರುತ್ತಿದ್ದರಂತೆ. “ಕಣ್ಣೆಲ್ಲಿ ಇಟ್ಟೀಯೋ?” ಎಂದು ಅಜ್ಜಿಯ ಬೈಗುಳ. ಕೊನೆಗೆ ಕಾಯಿ ಮುಟ್ಟಿ ನೋಡಿ, ಸುಕ್ಕು ಬಿದ್ದದ್ದನ್ನಷ್ಟೇ ಬಿಡಿಸುವುದನ್ನು ಅವರೇ ಕಲಿತರು.

ಕೆಂಪು–ಹಸಿರು ವರ್ಣಾಂಧತೆ ಹೆಚ್ಚಾಗಿ ಎಕ್ಸ್ ಕ್ರೋಮೋಸೋಮ್ ಮೂಲಕ ಬರುತ್ತದೆ. ಗಂಡಸರಲ್ಲಿ ಅದು ಒಂದೇ ಇರುವುದರಿಂದ ತೊಂದರೆ ಅವರಿಗೇ ಹೆಚ್ಚು. ಅನೇಕರಿಗೆ ಈ ಎರಡು ಬಣ್ಣಗಳು ಮಾಸಲು ಕಂದಿನಂತೆ ಬೆರೆತು ಕಾಣುತ್ತವೆ. ಇದು ಗೊತ್ತಿದ್ದೂ ನಾನು ಚುಕ್ಕೆಗಳನ್ನು ನಂಬಿದ್ದೆ.

ಈ ಸಲ ಜಪಾನಿನ ವಿಜ್ಞಾನಿಗಳಾದ ಮಸಾತಾಕಾ ಒಕಾಬೆ ಮತ್ತು ಕೇ ಇಟೊ ಜೋಡಿಸಿದ 8 ಬಣ್ಣಗಳ ಪಟ್ಟಿ ಹಿಡಿದೆ. ಅವರಿಬ್ಬರಿಗೂ ವರ್ಣಾಂಧತೆ ಇದೆ. ಹಸಿರಿನ ಜಾಗಕ್ಕೆ ಗಾಢ ನೀಲಿ, ಕೆಂಪಿನ ಜಾಗಕ್ಕೆ ತಿಳಿ ಕಿತ್ತಳೆ ಬಂತು. ಆದರೆ ಬಣ್ಣ ಬದಲಿಸಿದರೆ ಸಾಲದು. ಬಣ್ಣವೊಂದನ್ನೇ ನಂಬಿ ಮಾಹಿತಿ ಕೊಡಬಾರದು ಎನ್ನುತ್ತದೆ ವೆಬ್ ವಿನ್ಯಾಸದ ಡಬ್ಲ್ಯೂಸಿಎಜಿ ಮಾನದಂಡ. ಮಾವನ ಸುಕ್ಕುಗಾಯಿಯ ಪಾಠವೂ ಅದೇ. ಹಾಗಾಗಿ ನೀಲಿಯ ಜೊತೆ ಸರಿ ಗುರುತು, ಕಿತ್ತಳೆಯ ಜೊತೆ ಅಡ್ಡಗೆರೆ ಮತ್ತು ದಪ್ಪಕ್ಷರದಲ್ಲಿ ‘ಥಾಂಬಾ’, ಅಂದರೆ ‘ನಿಲ್ಲಿಸಿ’. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಕಾಂಟ್ರಾಸ್ಟ್ ಇರುವಂತೆ ನೋಡಿಕೊಂಡೆ.

ನಿಮ್ಮ ಎಕ್ಸೆಲ್ ಶೀಟಿನಲ್ಲೂ ಕೆಂಪು–ಹಸಿರು ತುಂಬಿದ್ದರೆ ಒಮ್ಮೆ ಕಪ್ಪು–ಬಿಳುಪಿನಲ್ಲಿ ಪ್ರಿಂಟ್ ತೆಗೆದು ನೋಡಿ. ಆಗಲೂ ಅರ್ಥವಾದರೆ ಸರಿ. ಇಲ್ಲವಾದರೆ ನಿಮ್ಮ ಆಫೀಸಿನಲ್ಲೂ ಯಾರೋ ಊಹೆಯ ಮೇಲೆ ಕೆಲಸ ಮಾಡುತ್ತಿರಬಹುದು.

ಗೋದಾಮಿನ ಮ್ಯಾನೇಜರ್‌ಗೆ ‘ಸ್ಕ್ರೀನಿನಲ್ಲೇ ತಪ್ಪಿತ್ತು, ಸರಿಪಡಿಸಿದ್ದೇವೆ’ ಎಂದಷ್ಟೇ ಹೇಳಿದೆ. ಅದು ಸುಳ್ಳೇನೂ ಆಗಿರಲಿಲ್ಲ. ಆ ಪಾಳಿಯ ದೂರು ನಿಂತಿತು. ಹಿರಿಯರ ಗುಟ್ಟು ಅವರಲ್ಲೇ ಉಳಿಯಿತು, ಕೆಲಸವೂ ಉಳಿಯಿತು.