ವಾಷಿಂಗ್ಟನ್ನಿನ ಬಾಗಿಲು ತಟ್ಟಿದ ಮುಂದ್ರಾ ಮೀನುಗಾರರು

ಗುಜರಾತಿನ ಕಛ್ ಕೊಲ್ಲಿಯ ದಂಡೆಯಲ್ಲಿ ಮುಂದ್ರಾ ಎಂಬ ಊರಿದೆ. ಮೀನು ಹಿಡಿಯುವವರು, ಹಿಡಿದದ್ದನ್ನು ದಡದಲ್ಲೇ ಒಣಗಿಸಿ ಮಾರುವವರು, ಖರ್ಜೂರ ಬೆಳೆಯುವವರು ಇರುವ ಸೀಮೆ ಅದು. ಅಲ್ಲಿನ ಕೆಲವು ಮೀನುಗಾರರು ಮತ್ತು ರೈತರು ಒಂದು ಗ್ರಾಮ ಪಂಚಾಯಿತಿಯನ್ನೂ ಜೊತೆಗೂಡಿಸಿಕೊಂಡು 2015ರಲ್ಲಿ ಮೊಕದ್ದಮೆ ಹೂಡಿದರು. ಹೂಡಿದ್ದು ಅಹಮದಾಬಾದಿನಲ್ಲಲ್ಲ, ಅಮೆರಿಕದ ರಾಜಧಾನಿ ವಾಷಿಂಗ್ಟನ್‌ನಲ್ಲಿ. ಎದುರಾಳಿ, ವಿಶ್ವಬ್ಯಾಂಕ್ ಸಮೂಹಕ್ಕೆ ಸೇರಿದ ಇಂಟರ್‌ನ್ಯಾಷನಲ್ ಫೈನಾನ್ಸ್ ಕಾರ್ಪೊರೇಷನ್, ಅಂದರೆ ಐಎಫ್‌ಸಿ.

ಮುಂದ್ರಾದಲ್ಲಿ ಸುಮಾರು 4,000 ಮೆಗಾವಾಟ್ ಸಾಮರ್ಥ್ಯದ ಕಲ್ಲಿದ್ದಲು ವಿದ್ಯುತ್ ಸ್ಥಾವರ ಕಟ್ಟಲು ಐಎಫ್‌ಸಿ 2008ರಲ್ಲಿ 45 ಕೋಟಿ ಡಾಲರ್ ಸಾಲ ಕೊಟ್ಟಿತ್ತು. ಪರಿಸರಕ್ಕೂ ಜನರಿಗೂ ತೊಂದರೆಯಾಗದಂತೆ ಯೋಜನೆ ನಡೆಸಬೇಕು ಎಂಬ ಷರತ್ತು ಆ ಸಾಲದ ಕರಾರಿನಲ್ಲೇ ಇತ್ತು. ಸ್ಥಾವರ ಹೊರಬಿಡುವ ಬಿಸಿನೀರಿನಿಂದ ದಡದ ಮೀನು ದೂರವಾಯಿತು, ಕಲ್ಲಿದ್ದಲ ದೂಳು ಮತ್ತು ಬೂದಿ ಬೆಳೆಯ ಮೇಲೆ, ಒಣಹಾಕಿದ ಮೀನಿನ ಮೇಲೆ ಕೂತಿತು, ಬಾವಿಯ ನೀರು ಉಪ್ಪಾಯಿತು ಎಂಬುದು ಜನರ ದೂರು. ಇದು ಬರೀ ಅವರ ಮಾತಾಗಿ ಉಳಿಯಲಿಲ್ಲ. ದೂರು ಕೇಳಲೆಂದು ಐಎಫ್‌ಸಿ ತಾನೇ ಇಟ್ಟುಕೊಂಡಿರುವ ಒಂಬುಡ್ಸ್‌ಮನ್ ಕಚೇರಿಯ ತನಿಖೆಯೂ 2013ರಲ್ಲಿ ಯೋಜನೆಯ ಮೇಲುಸ್ತುವಾರಿಯಲ್ಲಿ ಲೋಪವಾಗಿದೆ ಎಂದು ಬರೆಯಿತು. ಆದರೆ ವರದಿ ಬರೆಯುವುದರಾಚೆಗೆ, ಐಎಫ್‌ಸಿಗೆ ಇಂಥದ್ದು ಮಾಡು ಎಂದು ಆದೇಶಿಸುವ ಅಧಿಕಾರ ಆ ಕಚೇರಿಗೆ ಇರಲಿಲ್ಲ. ಹೀಗಾಗಿ ಜನ ಕೋರ್ಟಿನ ದಾರಿ ಹಿಡಿದರು.

ಕೋರ್ಟಿನಲ್ಲಿ ಐಎಫ್‌ಸಿ ಮೊದಲಿಗೆ ಮುಂದಿಟ್ಟ ವಾದ ಮೀನಿನ ಬಗ್ಗೆಯೂ ಇರಲಿಲ್ಲ, ಬೂದಿಯ ಬಗ್ಗೆಯೂ ಇರಲಿಲ್ಲ. ‘ನಾವು ಅಂತರರಾಷ್ಟ್ರೀಯ ಸಂಸ್ಥೆ, ನಮ್ಮ ಮೇಲೆ ದಾವೆ ಹೂಡುವಂತೆಯೇ ಇಲ್ಲ’ ಎಂಬುದೇ ಅದರ ವಾದವಾಗಿತ್ತು. ಕೊರೊನಾ ಕಾಲದಲ್ಲಿ ಕಷಾಯ ಕುಡಿದು ನಾವೆಲ್ಲ ಹೆಚ್ಚಿಸಿಕೊಳ್ಳಲು ಹೊರಟಿದ್ದೆವಲ್ಲ, ಆ ‘ಇಮ್ಯುನಿಟಿ’ ಕಾನೂನಿನಲ್ಲೂ ಇದೆ. ಅಲ್ಲಿ ಅದು ಕಾಪಾಡುವುದು ಕೋರ್ಟಿನಿಂದ.

ಹಾಗೆಂದು ಈ ವಿನಾಯಿತಿಯೇ ಅನ್ಯಾಯ ಎಂದುಬಿಡುವುದು ಸರಿಯಲ್ಲ. ವಿಶ್ವಸಂಸ್ಥೆಗೆ ಸ್ವಂತ ನೆಲವಿಲ್ಲ, ಸ್ವಂತ ಪೊಲೀಸರಿಲ್ಲ. ಅದರ ಪ್ರತಿಯೊಂದು ಕಚೇರಿಯೂ ಯಾವುದೋ ಒಂದು ದೇಶದೊಳಗೇ ಇದೆ. ಆ ದೇಶದ ಸರ್ಕಾರಕ್ಕೆ ಸಿಟ್ಟು ಬಂದಾಗಲೆಲ್ಲ ಕಚೇರಿ ಜಪ್ತಿ, ಅಧಿಕಾರಿಯ ಮೇಲೆ ಕೇಸು ಎಂದಾದರೆ ಕೆಲಸ ನಡೆಯುವುದು ಹೇಗೆ? ಮಲೇಷ್ಯಾದಲ್ಲಿ ಇಂಥದ್ದೇ ನಡೆಯಿತು. ನ್ಯಾಯಾಧೀಶರು ಮತ್ತು ವಕೀಲರ ಸ್ವಾತಂತ್ರ್ಯದ ಕುರಿತು ವರದಿ ಮಾಡಲು ವಿಶ್ವಸಂಸ್ಥೆಯಿಂದ ನೇಮಕವಾಗಿದ್ದ ವಕೀಲ ಪರಂ ಕುಮಾರಸ್ವಾಮಿ, 1995ರಲ್ಲಿ ಪತ್ರಿಕೆಯೊಂದಕ್ಕೆ ಸಂದರ್ಶನ ಕೊಟ್ಟರು. ಅದರಲ್ಲಿ ಮಲೇಷ್ಯಾದ ಕೋರ್ಟುಗಳ ಬಗ್ಗೆ ಆಡಿದ ಮಾತಿಗೆ ಕಂಪನಿಗಳು ಭಾರಿ ಮೊತ್ತದ ಮಾನನಷ್ಟ ಮೊಕದ್ದಮೆ ಹೂಡಿದವು. ವಿಷಯ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದವರೆಗೂ ಹೋಯಿತು. ಕರ್ತವ್ಯದ ಭಾಗವಾಗಿ ಆಡಿದ ಮಾತಿಗೆ ಅವರನ್ನು ಕೋರ್ಟಿಗೆ ಎಳೆಯುವಂತಿಲ್ಲ ಎಂದು ಅದು 1999ರಲ್ಲಿ ಅಭಿಪ್ರಾಯ ಕೊಟ್ಟಿತು. ಇಲ್ಲಿ ವಿನಾಯಿತಿ ಕಾಪಾಡಿದ್ದು ಸತ್ಯ ಹೇಳಬೇಕಾದವನ ಬಾಯಿಯನ್ನು.

ಇದಕ್ಕೆಲ್ಲ ಮೂಲ, ವಿಶ್ವಸಂಸ್ಥೆಯ ವಿಶೇಷಾಧಿಕಾರ ಮತ್ತು ವಿನಾಯಿತಿಗಳ ಕುರಿತ 1946ರ ಒಪ್ಪಂದ. ಇದನ್ನು ಜಾರಿಗೊಳಿಸಲು ನಮ್ಮಲ್ಲಿ 1947ರ ಕಾಯ್ದೆಯೇ ಇದೆ. ಒಪ್ಪಂದದ 2ನೇ ಸೆಕ್ಷನ್, ತಾನಾಗಿ ಬಿಟ್ಟುಕೊಡದ ಹೊರತು ವಿಶ್ವಸಂಸ್ಥೆಯನ್ನು ಯಾವ ಕೋರ್ಟಿಗೂ ಎಳೆಯುವಂತಿಲ್ಲ ಎನ್ನುತ್ತದೆ. ಅದನ್ನು ಎಲ್ಲರೂ ಉದ್ಧರಿಸುತ್ತಾರೆ. 29ನೇ ಸೆಕ್ಷನ್ ಓದುವವರು ಕಡಿಮೆ. ಕೋರ್ಟಿಗೆ ಹೋಗಲಾಗದವರ ವ್ಯಾಜ್ಯ ತೀರಿಸಲು ವಿಶ್ವಸಂಸ್ಥೆಯೇ ತಕ್ಕ ಬೇರೆ ವ್ಯವಸ್ಥೆ ಮಾಡಬೇಕು ಎನ್ನುತ್ತದೆ ಅದು. ಒಂದು ಬಾಗಿಲು ಮುಚ್ಚಿದರೆ ಇನ್ನೊಂದನ್ನು ತೆರೆಯಲೇಬೇಕು ಎಂಬ ಕರಾರು. ನನಗೆ ಇಡೀ ಒಪ್ಪಂದದ ಜೀವ ಇರುವುದು ಇಲ್ಲೇ ಎನ್ನಿಸುತ್ತದೆ.

ಆ ಇನ್ನೊಂದು ಬಾಗಿಲನ್ನು ತೆರೆಯದಿದ್ದರೆ ಏನಾಗುತ್ತದೆ ಎಂಬುದನ್ನು ಹೈಟಿ ತೋರಿಸಿತು. 2010ರ ಅಕ್ಟೋಬರ್‌ನಲ್ಲಿ ಅಲ್ಲಿ ಕಾಲರಾ ಕಾಣಿಸಿಕೊಂಡಿತು. ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಶಿಬಿರವೊಂದರ ಮಲಿನ ನೀರು ನದಿಗೆ ಸೇರಿದ್ದೇ ರೋಗ ಹಬ್ಬಲು ಕಾರಣ ಎಂಬುದಕ್ಕೆ ವಿಜ್ಞಾನಿಗಳು ಬಲವಾದ ಪುರಾವೆ ಕೊಟ್ಟರು. ಸುಮಾರು 10 ಸಾವಿರ ಜನ ಸತ್ತರು. ಸಂತ್ರಸ್ತರು ಪರಿಹಾರ ಕೇಳಿದಾಗ, ಇಂಥ ಅರ್ಜಿಯನ್ನು ಪರಿಗಣಿಸಲಾಗದು ಎಂದು 2013ರಲ್ಲಿ ವಿಶ್ವಸಂಸ್ಥೆ ಪತ್ರ ಬರೆಯಿತು. ನ್ಯೂಯಾರ್ಕಿನ ಕೋರ್ಟಿಗೆ ಹೋದರೆ ಅಲ್ಲಿ 2ನೇ ಸೆಕ್ಷನ್ ಅಡ್ಡ ಬಂತು. 29ನೇ ಸೆಕ್ಷನ್ ಪ್ರಕಾರ ನಡೆದುಕೊಳ್ಳದಿದ್ದರೂ 2ನೇ ಸೆಕ್ಷನ್‌ನ ರಕ್ಷಣೆ ಹೋಗುವುದಿಲ್ಲ ಎಂದು ಮೇಲ್ಮನವಿ ಕೋರ್ಟು 2016ರಲ್ಲಿ ಹೇಳಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಮಹಾ ಕಾರ್ಯದರ್ಶಿ ಬಾನ್ ಕಿ ಮೂನ್ ಹೈಟಿಯ ಜನರ ಕ್ಷಮೆ ಕೇಳಿದರು. 40 ಕೋಟಿ ಡಾಲರ್‌ಗಳ ನೆರವಿನ ಯೋಜನೆಯೂ ಘೋಷಣೆಯಾಯಿತು. ಆದರೆ ಅದಕ್ಕೆ ಸೇರಿದ ದುಡ್ಡು ತೀರಾ ಕಡಿಮೆ.

ಈ ಸಂಸ್ಥೆಗಳಲ್ಲಿ ಕೆಲಸ ಸಿಕ್ಕರೆ ಸಾಕು ಎಂದು ಕನಸು ಕಾಣುವ ನಮ್ಮಂಥವರಿಗೂ ಇದು ತಟ್ಟುವ ವಿಷಯ. ವಿಶ್ವಸಂಸ್ಥೆಯ ಸಂಬಳಕ್ಕೆ ಆದಾಯ ತೆರಿಗೆ ಇಲ್ಲ ಎಂಬುದನ್ನು ಕೋಚಿಂಗ್ ಸೆಂಟರಿನವರೂ ಹೇಳುತ್ತಾರೆ. ಅಲ್ಲಿಂದ ಬರುವ ಪಿಂಚಣಿಗೂ ತೆರಿಗೆ ಇಲ್ಲ ಎಂದು ಹೇಳಿದ್ದು ನಮ್ಮ ಕರ್ನಾಟಕ ಹೈಕೋರ್ಟ್. ಅದನ್ನು ಒಪ್ಪಿ ಕೇಂದ್ರ ನೇರ ತೆರಿಗೆ ಮಂಡಳಿ 1981ರಲ್ಲಿ ಸುತ್ತೋಲೆ ಹೊರಡಿಸಿತು. (ಎಲ್ಲ ಸಂಸ್ಥೆಗಳಿಗೂ ಒಂದೇ ನಿಯಮ ಅಂದುಕೊಳ್ಳಬೇಡಿ. ವಿಶ್ವಬ್ಯಾಂಕಿನ ಒಪ್ಪಂದದಲ್ಲಿ ಸಂಬಳದ ವಿನಾಯಿತಿ ಇರುವುದು ಆಯಾ ದೇಶದ ಪ್ರಜೆಗಳಲ್ಲದ ಸಿಬ್ಬಂದಿಗೆ.)

ಕೋಚಿಂಗ್ ಸೆಂಟರಿನವರು ಹೇಳದ ಇನ್ನೊಂದು ಮುಖವಿದೆ. ನಾಳೆ ಕೆಲಸದಿಂದ ತೆಗೆದುಹಾಕಿದರೆ ನೀವು ಬೆಂಗಳೂರಿನ ಕಾರ್ಮಿಕ ನ್ಯಾಯಾಲಯಕ್ಕೆ ಹೋಗುವಂತಿಲ್ಲ. ಸಿಬ್ಬಂದಿಗೆಂದೇ ವಿಶ್ವಸಂಸ್ಥೆಯೊಳಗೆ ಒಂದು ವ್ಯಾಜ್ಯ ನ್ಯಾಯಮಂಡಳಿ ಇದೆ. 2009ರಿಂದ ಕೆಲಸ ಮಾಡುತ್ತಿದೆ, ಮೇಲ್ಮನವಿಗೂ ಅವಕಾಶವಿದೆ. ಆದರೆ ಇಂಟರ್ನ್‌ಗಳು ಮತ್ತು ಕನ್ಸಲ್ಟೆಂಟ್‌ಗಳು ‘ಸಿಬ್ಬಂದಿ’ ಎನ್ನಿಸಿಕೊಳ್ಳುವುದಿಲ್ಲ, ಅವರಿಗೆ ಅಲ್ಲಿ ಪ್ರವೇಶವಿಲ್ಲ. ಹೊಸಬರು ಒಳಗೆ ಕಾಲಿಡುವುದು ಬಹುಪಾಲು ಈ ಎರಡು ಬಾಗಿಲಿನಿಂದಲೇ. ಸಹಿ ಹಾಕುವ ಮುನ್ನ, ಜಗಳ ಬಂದರೆ ಯಾರ ಮುಂದೆ ಹೋಗಬೇಕು ಎಂಬ ಸಾಲು ಕರಾರಿನಲ್ಲಿ ಎಲ್ಲಿದೆ ಎಂದು ಹುಡುಕಿ ನೋಡಿ.

ಹಾಗೆಯೇ, ವಿಶ್ವಸಂಸ್ಥೆಯ ಗುರುತಿನ ಚೀಟಿ ಕೊರಳಲ್ಲಿದ್ದರೆ ಏನು ಬೇಕಾದರೂ ಮಾಡಬಹುದು ಎಂಬುದು ಸಿನಿಮಾದ ಮಾತು. ಮಹಾ ಕಾರ್ಯದರ್ಶಿ ಮತ್ತು ಅವರ ಕೆಳಗಿನ ಕೆಲವೇ ಹಿರಿಯರಿಗೆ ರಾಯಭಾರಿಗಳಿಗೆ ಇರುವಂಥ ಪೂರ್ಣ ರಕ್ಷಣೆ ಇದೆ. ಉಳಿದವರಿಗೆ ಇರುವುದು ಕರ್ತವ್ಯದ ಮಾತು ಮತ್ತು ಕೆಲಸಕ್ಕಷ್ಟೇ. ಮನೆ ಬಾಡಿಗೆ ಕೊಡದೆ ಮಾಲೀಕರಿಗೆ ಒಪ್ಪಂದ ತೋರಿಸಿದರೆ ನಡೆಯುವುದಿಲ್ಲ. ಆ ಕರ್ತವ್ಯದ ರಕ್ಷಣೆಯೂ ನ್ಯಾಯಕ್ಕೆ ಅಡ್ಡಿಯಾಗುವುದಾದರೆ, ಸಂಸ್ಥೆಯ ಹಿತಕ್ಕೆ ಧಕ್ಕೆಯಿಲ್ಲದಂತೆ ಅದನ್ನು ತೆಗೆಯುವುದು ಮಹಾ ಕಾರ್ಯದರ್ಶಿಯ ಹಕ್ಕು ಮಾತ್ರವಲ್ಲ, ಕರ್ತವ್ಯ ಎಂದೂ ಒಪ್ಪಂದದಲ್ಲಿದೆ.

ಮತ್ತೆ ಮುಂದ್ರಾಕ್ಕೆ ಬರೋಣ. ಐಎಫ್‌ಸಿ ನೆಚ್ಚಿಕೊಂಡಿದ್ದು ಅಮೆರಿಕದ 1945ರ ಒಂದು ಕಾಯ್ದೆಯನ್ನು. ವಿದೇಶಿ ಸರ್ಕಾರಗಳಿಗೆ ಎಂಥ ವಿನಾಯಿತಿ ಇದೆಯೋ ಅಂಥದೇ ಅಂತರರಾಷ್ಟ್ರೀಯ ಸಂಸ್ಥೆಗಳಿಗೂ ಇರುತ್ತದೆ ಎನ್ನುತ್ತದೆ ಆ ಕಾಯ್ದೆ. 1945ರಲ್ಲಿ ವಿದೇಶಿ ಸರ್ಕಾರಗಳನ್ನು ಅಲ್ಲಿನ ಕೋರ್ಟುಗಳು ಮುಟ್ಟುತ್ತಲೇ ಇರಲಿಲ್ಲ ಎನ್ನಬಹುದು. ಆದರೆ 1976ರ ಹೊಸ ಕಾಯ್ದೆ, ವಿದೇಶಿ ಸರ್ಕಾರ ವ್ಯಾಪಾರಕ್ಕಿಳಿದರೆ ವ್ಯಾಪಾರಿಯಂತೆಯೇ ಉತ್ತರ ಕೊಡಬೇಕು ಎಂದಿತು. ಹಾಗಾದರೆ ಐಎಫ್‌ಸಿಗೆ ಸಲ್ಲುವುದು 1945ರ ವಿನಾಯಿತಿಯೋ, ಈಗಿನದೋ? ಕೆಳಗಿನ ಎರಡು ಕೋರ್ಟುಗಳು 1945ರದ್ದು ಎಂದವು.

ಇಲ್ಲೊಂದು ತಮಾಷೆ ಇದೆ. ಐಎಫ್‌ಸಿಯ ಸ್ಥಾಪನಾ ಒಪ್ಪಂದದಲ್ಲೇ, ತನ್ನ ಕಚೇರಿ ಇರುವ ದೇಶದಲ್ಲಿ ತನ್ನ ಮೇಲೆ ದಾವೆ ಹೂಡಬಹುದು ಎಂಬ ಸಾಲಿದೆ. ಆದರೆ ಅಮೆರಿಕದ ಮೇಲ್ಮನವಿ ಕೋರ್ಟು ಆ ಸಾಲನ್ನು, ದಾವೆಗೆ ಅವಕಾಶ ಕೊಡುವುದರಿಂದ ಸಂಸ್ಥೆಯ ಕೆಲಸಕ್ಕೆ ಅನುಕೂಲವಾಗುವುದಿದ್ದರೆ ಮಾತ್ರ ಎಂದು ಓದಿಕೊಂಡು ಬಂದಿದೆ. ಬಾಂಡ್ ಕೊಂಡವರಿಗೆ, ಸಾಮಾನು ಪೂರೈಸಿದವರಿಗೆ ಕೋರ್ಟಿನ ಭರವಸೆ ಇಲ್ಲದಿದ್ದರೆ ಯಾರೂ ವ್ಯವಹಾರಕ್ಕೆ ಬರುವುದಿಲ್ಲ, ಆದ್ದರಿಂದ ಅವರಿಗೆ ಬಾಗಿಲು ತೆರೆದಿದೆ. ಮೀನುಗಾರ ಬಂದರೆಷ್ಟು, ಬಿಟ್ಟರೆಷ್ಟು! ಬಡತನ ನೀಗಿಸುವುದು ಧ್ಯೇಯ ಎನ್ನುವ ಸಂಸ್ಥೆಯ ಬಾಗಿಲಲ್ಲಿ ದುಡ್ಡಿದ್ದವನಿಗೊಂದು, ಇಲ್ಲದವನಿಗೊಂದು ನ್ಯಾಯ.

2019ರ ಫೆಬ್ರುವರಿ 27ರಂದು ಅಮೆರಿಕದ ಸುಪ್ರೀಂ ಕೋರ್ಟ್ ಈ ಪ್ರಕರಣದಲ್ಲಿ 7–1ರ ಬಹುಮತದ ತೀರ್ಪು ಕೊಟ್ಟಿತು. ಬರೆದವರು ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್. ಸಂಸ್ಥೆಗಳಿಗೆ ಸಲ್ಲುವುದು ವಿದೇಶಿ ಸರ್ಕಾರಗಳಿಗೆ ಈಗ ಇರುವ ಸೀಮಿತ ವಿನಾಯಿತಿ ಮಾತ್ರ ಎಂದಿತು ತೀರ್ಪು. ಭಿನ್ನಮತ ಬರೆದ ನ್ಯಾಯಮೂರ್ತಿ ಸ್ಟೀಫನ್ ಬ್ರೇಯರ್, ಅಭಿವೃದ್ಧಿಗೆ ಸಾಲ ಕೊಡುವ ಸಂಸ್ಥೆಗಳ ಕೈ ಕಟ್ಟಿದಂತಾಗುತ್ತದೆ ಎಂದು ಆತಂಕಪಟ್ಟರು. ಆ ಆತಂಕವನ್ನು ತಳ್ಳಿಹಾಕಲಾಗದು. ಆದರೂ ಮುಂದ್ರಾದ ಮೀನುಗಾರರು ಅಮೆರಿಕದ ಕಾನೂನನ್ನೇ ಬದಲಿಸಿದರಲ್ಲ ಎಂದು ಕಾನೂನು ವಿದ್ಯಾರ್ಥಿಗಳು ಬೆರಗಾದರು. ‘ಜಾಮ್ ವರ್ಸಸ್ ಐಎಫ್‌ಸಿ’ ಎಂಬ ಹೆಸರು ಪಠ್ಯಪುಸ್ತಕ ಸೇರಿತು.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತಾಯಿತು ಮುಂದಿನದು. ಪ್ರಕರಣ ಕೆಳ ಕೋರ್ಟಿಗೆ ಮರಳಿದಾಗ ಐಎಫ್‌ಸಿ ಹೊಸ ವಾದ ಹೂಡಿತು. ಸೀಮಿತ ವಿನಾಯಿತಿಯೇ ಆದರೂ, ದೂರಿನ ಮೂಲ ಅಮೆರಿಕದಲ್ಲಿ ನಡೆಸಿದ ವ್ಯವಹಾರವಾಗಿರಬೇಕು. ಸಾಲ ಮಂಜೂರಾದದ್ದು ವಾಷಿಂಗ್ಟನ್‌ನಲ್ಲಿ ಎಂದು ಮೀನುಗಾರರ ವಕೀಲರು ವಾದಿಸಿದರು. ಸ್ಥಾವರ ಇರುವುದು, ಹಾನಿಯಾದದ್ದು ಭಾರತದಲ್ಲಿ ಎಂದು 2020ರಲ್ಲಿ ಕೋರ್ಟು ದಾವೆ ವಜಾ ಮಾಡಿತು. 2021ರಲ್ಲಿ ಮೇಲ್ಮನವಿ ಕೋರ್ಟು ಅದನ್ನೇ ಎತ್ತಿಹಿಡಿಯಿತು. 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಕೇಳಲು ನಿರಾಕರಿಸಿತು.

ಏಳು ವರ್ಷ, ಮೂರು ಹಂತದ ಕೋರ್ಟುಗಳು. ದಡದ ಮೀನು ಏಕೆ ಕಡಿಮೆಯಾಯಿತು, ಬಾವಿಯ ನೀರು ಏಕೆ ಉಪ್ಪಾಯಿತು ಎಂಬುದರ ವಿಚಾರಣೆ ಒಂದು ದಿನವೂ ನಡೆಯಲಿಲ್ಲ.