ತೇಜಸ್ವಿ ಕಥೆಗಳು ತೆರೆಗೆ ಬರುವಾಗ: ಪಾತ್ರ ಹಂಚಿಕೆ, ಕೃತಿಯ ಹಕ್ಕು ಮತ್ತು ಮಲೆನಾಡಿನ ಪೇಟೆ

ಏಲಕ್ಕಿ ಮಾರಲು ಪೇಟೆಗೆ ಬಂದ ಸುರೇಶ ಮತ್ತು ಗೌರಿ ಎಂಬ ಯುವ ಬೆಳೆಗಾರ ದಂಪತಿ ತಮಗರಿವಿಲ್ಲದಂತೆ ಅಪಾಯಕಾರಿ ಜಾಲವೊಂದರಲ್ಲಿ ಸಿಲುಕುವ ಕಥೆ ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರ ‘ಜುಗಾರಿ ಕ್ರಾಸ್’. 1994ರಲ್ಲಿ ಪ್ರಕಟವಾದ ಈ ಕಾದಂಬರಿಯನ್ನು ತೆರೆಗೆ ತರುವ ಪ್ರಯತ್ನಗಳು ಹಲವು ವರ್ಷಗಳಿಂದ ನಡೆದಿವೆ. ನಿರ್ದೇಶಕ ಟಿ.ಎಸ್. ನಾಗಾಭರಣ ಅವರು ಚಿರಂಜೀವಿ ಸರ್ಜಾ ಅವರನ್ನು ನಾಯಕನ ಪಾತ್ರಕ್ಕೆ ಆರಿಸಿ ಚಿತ್ರವನ್ನು ಪ್ರಕಟಿಸಿದ್ದರು. 2020ರ ಜೂನ್‌ನಲ್ಲಿ ಆ ನಟರು ಅಕಾಲಿಕವಾಗಿ ನಿಧನರಾದರು. 2025ರಲ್ಲಿ ಗುರುದತ್ತ ಗಾಣಿಗ ಅವರು ರಾಜ್ ಬಿ. ಶೆಟ್ಟಿ ಅವರ ಅಭಿನಯದಲ್ಲಿ ಇದೇ ಕೃತಿಯನ್ನು ಚಿತ್ರವಾಗಿಸುವುದಾಗಿ ಘೋಷಿಸಿದರು.

ಸಕಲೇಶಪುರ, ಆಲೂರು ಭಾಗದ ವರ್ತಕರಿಗೆ ಈ ಸುದ್ದಿ ಬರಿಯ ಮನರಂಜನೆಯ ವಿಷಯವಲ್ಲ. ತೇಜಸ್ವಿಯವರು ಬಾಳಿದ ಮೂಡಿಗೆರೆ ಸಕಲೇಶಪುರ ತಾಲ್ಲೂಕಿನ ಗಡಿಗೆ ತಾಗಿಕೊಂಡಿದೆ. ಅವರು ಸ್ವತಃ ಕಾಫಿ ಬೆಳೆಗಾರರು. ಅವರ ಅಬಚೂರು, ಕೆಸರೂರುಗಳು ಭೂಪಟದಲ್ಲಿಲ್ಲದ ಊರುಗಳಾದರೂ ಅಲ್ಲಿನ ಏಲಕ್ಕಿ ಮೂಟೆ, ಸುಂಕದ ಕಟ್ಟೆ, ಜೀಪು, ಅಂಗಡಿ ಬೀದಿಗಳೆಲ್ಲ ಈ ಗುಡ್ಡಗಳವೇ. 1985ರ ‘ಚಿದಂಬರ ರಹಸ್ಯ’ದಲ್ಲಂತೂ ಏಲಕ್ಕಿ ಇಳುವರಿಯ ಕುಸಿತ ಮತ್ತು ಏಲಕ್ಕಿ ವಿಜ್ಞಾನಿಯೊಬ್ಬರ ಸಾವೇ ಪತ್ತೇದಾರಿಯ ಎಳೆ. ಆ ಕೃತಿಗೆ 1987ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಇಂಥ ಕೃತಿಗಳು ತೆರೆಗೆ ಬಂದಾಗ ತೆರೆಯ ಮೇಲೆ ಕಾಣುವುದು ಈ ಪೇಟೆಯ ವ್ಯವಹಾರವೇ. ಚಿತ್ರೀಕರಣಕ್ಕೆ ಸರಕು, ಸ್ಥಳ ಮತ್ತು ಜನರನ್ನು ಒದಗಿಸುವವರೂ ಈ ಪೇಟೆಯವರೇ ಆಗುವ ಸಂಭವವಿದೆ. ಆದುದರಿಂದ ಜನಪ್ರಿಯ ಕೃತಿಯೊಂದು ಚಿತ್ರವಾಗುವ ಕ್ರಮವನ್ನು ವ್ಯಾಪಾರದ ದೃಷ್ಟಿಯಿಂದ ಅರಿತಿರುವುದು ಉಪಯುಕ್ತ.

ಓದುಗನೇ ಮೊದಲು ಪಾತ್ರ ಹಂಚಿರುತ್ತಾನೆ

ಹೊಸದಾಗಿ ಬರೆದ ಚಿತ್ರಕಥೆಗೂ ಓದುಗರ ಮನಸ್ಸಿನಲ್ಲಿ ನೆಲೆನಿಂತ ಪುಸ್ತಕಕ್ಕೂ ಮುಖ್ಯ ಭೇದವೊಂದಿದೆ. ಎರಡನೆಯದರಲ್ಲಿ ಗಿರಾಕಿ ಸರಕನ್ನು ಮೊದಲೇ ನೋಡಿಯಾಗಿದೆ. ‘ಕರ್ವಾಲೊ’ ಓದಿದವನ ಕಣ್ಣಲ್ಲಿ ಮಂದಣ್ಣನಿಗೊಂದು ಮುಖವಿದೆ, ಕಿವಿ ಎಂಬ ನಾಯಿಗೊಂದು ಬಣ್ಣವಿದೆ, ಹಾರುವ ಓತಿಗೆ ಒಂದು ಗಾತ್ರವಿದೆ. ಪಶ್ಚಿಮ ಘಟ್ಟದ ಅಡಕೆ ತೋಟಗಳಲ್ಲಿ ಮರದಿಂದ ಮರಕ್ಕೆ ತೇಲುವ ಓತಿ ವಾಸ್ತವದಲ್ಲಿ ಬಾಲ ಸೇರಿ ಒಂದು ಗೇಣಿನಷ್ಟು ಉದ್ದದ ಸಾಧು ಪ್ರಾಣಿ. ಕಾದಂಬರಿಯ ಕೊನೆಗೆ ಅದು ಕಣಿವೆಯ ಶೂನ್ಯಕ್ಕೆ ಜಿಗಿದು ಮರೆಯಾಗುವಾಗ ಓದುಗನಿಗೆ ಅದು ಯುಗಾಂತರದ ಜೀವಿಯಾಗಿ ಕಾಣುತ್ತದೆ. ಗಣಕಯಂತ್ರದಲ್ಲಿ ಓತಿಯನ್ನು ಸೃಷ್ಟಿಸುವುದು ಇಂದು ದೊಡ್ಡ ಸಮಸ್ಯೆಯಲ್ಲ. ಯಾವ ಓತಿಯನ್ನು ಸೃಷ್ಟಿಸಬೇಕೆಂಬುದೇ ಸಮಸ್ಯೆ.

ಈ ತೊಡಕು ಎಲ್ಲ ಭಾಷೆಗಳಿಗೂ ಇದ್ದದ್ದೇ. ‘ಹ್ಯಾರಿ ಪಾಟರ್’ ಮಾಂತ್ರಿಕ ಕಾದಂಬರಿಗಳ ಮೊದಲ ಚಿತ್ರ 2001ರಲ್ಲಿ ತೆರೆಕಂಡಾಗ ಪಾತ್ರವರ್ಗ ಬ್ರಿಟನ್ನಿನದೇ ಆಗಿರಬೇಕೆಂದು ಲೇಖಕಿ ಪಟ್ಟು ಹಿಡಿದಿದ್ದರು. ಅದೇ ಕಾದಂಬರಿಗಳನ್ನು ಆಧರಿಸಿದ ದೂರದರ್ಶನ ಸರಣಿಗೆ ಹತ್ತಾರು ಸಾವಿರ ಮಕ್ಕಳನ್ನು ಪರೀಕ್ಷಿಸಿ, 2025ರ ಮೇ ತಿಂಗಳಿನಲ್ಲಿ ಮೂವರು ಹೊಸ ಮಕ್ಕಳ ಹೆಸರನ್ನು ಪ್ರಕಟಿಸಲಾಯಿತು. ಹೆಸರಾಂತ ಮುಖವೊಂದು ಪಾತ್ರವನ್ನು ಮುಚ್ಚಿಬಿಡುತ್ತದೆ, ಹೊಸ ಮುಖವಾದರೆ ಪಾತ್ರಕ್ಕೆ ಜಾಗ ಬಿಡುತ್ತದೆ ಎಂಬುದು ಇದರ ಹಿಂದಿನ ಲೆಕ್ಕಾಚಾರ.

ಕನ್ನಡದಲ್ಲಿ ಈ ಲೆಕ್ಕಾಚಾರ ಬಹಳ ಹಿಂದೆಯೇ ನಡೆದಿದೆ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಒಂದುಗೂಡಿಸಿ ಪುಟ್ಟಣ್ಣ ಕಣಗಾಲ್ ಅವರು 1972ರಲ್ಲಿ ‘ನಾಗರಹಾವು’ ಮಾಡಿದಾಗ ರಾಮಾಚಾರಿಯ ಪಾತ್ರಕ್ಕೆ ಆರಿಸಿದ್ದು ಆಗಿನ್ನೂ ಹೆಸರಾಗದಿದ್ದ ಯುವಕ ವಿಷ್ಣುವರ್ಧನ್ ಅವರನ್ನು. ಜಲೀಲನಾಗಿ ಬಂದ ಅಂಬರೀಶ್ ಅವರಿಗೂ ಅದೇ ಮೊದಲ ಚಿತ್ರ. ಚಿತ್ರ ಅಪಾರ ಜನಪ್ರಿಯತೆ ಗಳಿಸಿದರೂ ಕಾದಂಬರಿಕಾರರಿಗೆ ಅದು ಒಪ್ಪಿಗೆಯಾಗಲಿಲ್ಲ, ತಮ್ಮ ಅಸಮಾಧಾನವನ್ನು ಅವರು ಬಹಿರಂಗವಾಗಿಯೇ ಹೇಳಿದರು. ಗಲ್ಲಾ ತುಂಬಿದ ಮಾತ್ರಕ್ಕೆ ಮೂಲ ಲೇಖಕರು ಸಂತುಷ್ಟರಾಗುತ್ತಾರೆಂಬ ಖಾತರಿಯಿಲ್ಲ ಎಂಬುದಕ್ಕೆ ಇದು ತಕ್ಕ ನಿದರ್ಶನ.

ತೇಜಸ್ವಿಯವರ ಕಥೆಗಳ ಇತಿಹಾಸವೂ ಇದೇ ದಿಕ್ಕನ್ನು ತೋರುತ್ತದೆ. ‘ಅಬಚೂರಿನ ಪೋಸ್ಟಾಫೀಸು’ 1973ರಲ್ಲಿ ಎನ್. ಲಕ್ಷ್ಮೀನಾರಾಯಣ್ ಅವರ ನಿರ್ದೇಶನದಲ್ಲಿ ಚಿತ್ರವಾಯಿತು. ಗಿರೀಶ್ ಕಾಸರವಳ್ಳಿಯವರ ‘ತಬರನ ಕಥೆ’ 1986ನೇ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ಅತ್ಯುತ್ತಮ ಚಿತ್ರವೆನಿಸಿತು. ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ತಬರನಾಗಿ ನಟಿಸಿ ಅತ್ಯುತ್ತಮ ನಟ ಪ್ರಶಸ್ತಿ ಪಡೆದ ಚಾರುಹಾಸನ್ ತಮಿಳುನಾಡಿನವರು, ವೃತ್ತಿಯಿಂದ ವಕೀಲರು. ಅವರ ಮುಖ ಮತ್ತು ನಡಿಗೆ ತಬರನದಾಗಿದ್ದವು, ಪಾತ್ರಕ್ಕೆ ಅಷ್ಟು ಸಾಕಾಯಿತು. ಮುಂದೆ ಸದಾನಂದ ಸುವರ್ಣರ ‘ಕುಬಿ ಮತ್ತು ಇಯಾಲ’, 2016ರಲ್ಲಿ ಸುಮನಾ ಕಿತ್ತೂರು ಅವರ ‘ಕಿರಗೂರಿನ ಗಯ್ಯಾಳಿಗಳು’ ಬಂದವು.

ವ್ಯಾಪಾರಿಗಳಿಗೆ ಇವೆಲ್ಲಕ್ಕಿಂತ ಕುತೂಹಲಕರವಾದದ್ದು 2023ರ ಮೇ ತಿಂಗಳಿನಲ್ಲಿ ಬಿಡುಗಡೆಯಾದ ‘ಡೇರ್‌ಡೆವಿಲ್ ಮುಸ್ತಾಫಾ’. ಶಶಾಂಕ್ ಸೋಗಾಲ್ ನಿರ್ದೇಶನದ ಈ ಚಿತ್ರಕ್ಕೆ ಬಂಡವಾಳ ಹೂಡಿದವರು ತೇಜಸ್ವಿಯವರ ನೂರಕ್ಕೂ ಹೆಚ್ಚು ಓದುಗರು. ಸಿದ್ಧವಾದ ಚಿತ್ರವನ್ನು ನಟ ಡಾಲಿ ಧನಂಜಯ ಅವರು ಅರ್ಪಿಸಿದರು. ಮುಖ್ಯ ಪಾತ್ರಗಳಲ್ಲಿ ಬಹುತೇಕ ಹೊಸಬರೇ ಇದ್ದರು. ಸಾಮಾನ್ಯವಾಗಿ ಚಿತ್ರದ ಬಂಡವಾಳ ನಟನ ಹೆಸರನ್ನು ನಂಬಿ ಬರುತ್ತದೆ. ಇಲ್ಲಿ ಲೇಖಕನ ಹೆಸರೇ ಅಡಮಾನವಾಯಿತು. ಕೆಲವೇ ಪುಟಗಳ ಕಥೆ ಪೂರ್ಣಾವಧಿಯ ಚಿತ್ರವಾಗಬೇಕಾದರೆ ಪುಸ್ತಕದಲ್ಲಿಲ್ಲದ ಎಷ್ಟೋ ಸಂಗತಿಗಳು ಸೇರಬೇಕಾಗುತ್ತದೆ. ಆ ಸೇರ್ಪಡೆಯನ್ನು ಓದುಗರು ಸಹಿಸಿದ್ದು ಕಾಲೇಜು, ಊರು, ಮಾತು ಇವೆಲ್ಲ ಅಬಚೂರಿನವೇ ಎಂದು ತೋರಿದ್ದರಿಂದ ಎಂದು ಭಾವಿಸಬಹುದು.

ಹಕ್ಕು ಯಾರ ಕೈಯಲ್ಲಿದೆ?

ಹಣ ಹೂಡಲು ಅಥವಾ ಸರಕು ಒದಗಿಸಲು ಆಹ್ವಾನ ಬಂದಾಗ ಮೊದಲು ಕೇಳಬೇಕಾದ ಕಾಗದ ಕೃತಿಯ ಹಕ್ಕಿನ ಕರಾರುಪತ್ರ. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಲೇಖಕರ ಮರಣದ ಮುಂದಿನ ಕ್ಯಾಲೆಂಡರ್ ವರ್ಷದಿಂದ 60 ವರ್ಷ ಹಕ್ಕು ಉಳಿದಿರುತ್ತದೆ. ತೇಜಸ್ವಿಯವರು ನಿಧನರಾದದ್ದು 2007ರ ಏಪ್ರಿಲ್ 5ರಂದು. ಹಾಗಾಗಿ ಅವರ ಬದುಕಿನ ಕಾಲದಲ್ಲಿ ಪ್ರಕಟವಾದ ಕೃತಿಗಳು 2067ರ ಅಂತ್ಯದವರೆಗೆ ವಾರಸುದಾರರ ಅಥವಾ ಅವರಿಂದ ಹಕ್ಕು ಪಡೆದವರ ಸ್ವತ್ತು. ಹಕ್ಕಿನ ವರ್ಗಾವಣೆ ಬರವಣಿಗೆಯಲ್ಲಿದ್ದು ಸಹಿಯಾಗಿರಬೇಕು. ಬಾಯಿಮಾತಿನ ಒಪ್ಪಿಗೆಗೆ ಬೆಲೆಯಿಲ್ಲ. ಅವಧಿಯನ್ನು ನಮೂದಿಸದಿದ್ದರೆ ಅದು 5 ವರ್ಷವೆಂದೂ, ಪ್ರದೇಶವನ್ನು ನಮೂದಿಸದಿದ್ದರೆ ಭಾರತಕ್ಕೆ ಮಾತ್ರವೆಂದೂ ಕಾಯಿದೆ ಭಾವಿಸುತ್ತದೆ. ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ, ಕರಾರಿನಲ್ಲಿ ಬೇರೆ ರೀತಿ ಹೇಳಿರದ ಹೊರತು, ಆ ಹಕ್ಕು ತಾನಾಗಿ ಕಳಚಿಹೋಗುತ್ತದೆ. ಚಿತ್ರರಂಗದಲ್ಲಿ ಯೋಜನೆಗಳು ವರ್ಷಗಟ್ಟಲೆ ನೆನೆಗುದಿಗೆ ಬೀಳುವುದು ಸಾಮಾನ್ಯವಾದ್ದರಿಂದ ಈ ಒಂದು ಅಂಶವೇ ಹಲವು ಹೂಡಿಕೆಗಳನ್ನು ಅಡಿಮೇಲು ಮಾಡಬಲ್ಲದು. ದಿನಾಂಕ ನೋಡದೆ ಮುಂಗಡ ಕೊಡುವುದು ಜಾಣತನವಲ್ಲ.

ಪೇಟೆಯಿಂದ ಹೋಗುವ ಸರಕು

ಆರ್.ಕೆ. ನಾರಾಯಣ್ ಅವರ ‘ದಿ ಗೈಡ್’ 1965ರಲ್ಲಿ ಹಿಂದಿ ಚಿತ್ರವಾದಾಗ ದಕ್ಷಿಣದ ಪುಟ್ಟ ಊರು ಮಾಲ್ಗುಡಿ ರಾಜಸ್ಥಾನದ ಅರಮನೆಗಳ ನಡುವೆ ಕಳೆದುಹೋಯಿತು. ಈ ಸ್ಥಳಾಂತರದ ಬಗ್ಗೆ ಲೇಖಕರು ವ್ಯಂಗ್ಯ ಬೆರೆಸಿ ಬರೆದಿದ್ದಾರೆ. ಎರಡು ದಶಕಗಳ ನಂತರ ಶಂಕರ್ ನಾಗ್ ಅವರು ‘ಮಾಲ್ಗುಡಿ ಡೇಸ್’ ಸರಣಿಯನ್ನು ಆಗುಂಬೆಯಲ್ಲಿ ಚಿತ್ರೀಕರಿಸಿದರು. ಪುಸ್ತಕದ ಮಾಲ್ಗುಡಿ ಆಗುಂಬೆಯೇನಲ್ಲ. ಆದರೂ ಹಂಚಿನ ಮನೆ, ಜಗಲಿ, ಬೀದಿಯ ಅಳತೆ ಸರಿಹೊಂದಿದ್ದರಿಂದ ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್ ಆ ಬೀದಿಯಲ್ಲಿ ಓಡಿದಾಗ ಪ್ರೇಕ್ಷಕರು ಅನುಮಾನಿಸಲಿಲ್ಲ.

ಆ ‘ಅಳತೆ’ಯನ್ನು ಒದಗಿಸುವುದೇ ಸ್ಥಳೀಯ ಪೇಟೆಯ ವ್ಯಾಪಾರಾವಕಾಶ. ‘ಜುಗಾರಿ ಕ್ರಾಸ್’ನ ಕಾಲದ ಏಲಕ್ಕಿ ಅಂಗಡಿಯನ್ನು ಕಟ್ಟಬೇಕಾದರೆ ತಕ್ಕಡಿ, ತೂಕದ ಬಟ್ಟು, ಗೋಣಿಚೀಲ, ಕಿರ್ದಿ ಪುಸ್ತಕ, ಹಳೆಯ ಜೀಪು, ಮಂಗಳೂರು ಹೆಂಚು ಇವೆಲ್ಲ ಬೇಕು. ಇಂದು ಏಲಕ್ಕಿಯ ಮುಖ್ಯ ಇ-ಹರಾಜು ನಡೆಯುವುದು ಕೇರಳದ ಪುತ್ತಡಿಯಲ್ಲಿ ಮತ್ತು ತಮಿಳುನಾಡಿನ ಬೋಡಿನಾಯಕನೂರಿನಲ್ಲಿ, ಗಣಕಯಂತ್ರದ ಪರದೆಯ ಮೇಲೆ. ಕಾಯಿಯನ್ನು ಅಂಗೈಯಲ್ಲಿ ಹೊರಳಿಸಿ ದರ ಕೂಗುತ್ತಿದ್ದ ಕ್ರಮವನ್ನು ಕಂಡ ಹಿರಿಯ ವರ್ತಕರು ಈ ಪೇಟೆಯಲ್ಲಿ ಇನ್ನೂ ಇದ್ದಾರೆ. ಬೆಂಗಳೂರಿನ ಕಲಾ ನಿರ್ದೇಶಕರಿಗೆ ಅವರ ತಿಳಿವಳಿಕೆ ಬೇರೆಲ್ಲೂ ಸಿಗದು. ಅದನ್ನು ಚಹಾ ಕುಡಿಸಿ ಪುಕ್ಕಟೆಯಾಗಿ ಕೊಟ್ಟು ಕಳುಹಿಸುವುದು ಮಲೆನಾಡಿನ ಸೌಜನ್ಯ. ಸಲಹೆಗಾರನ ಸಂಭಾವನೆ ಕೇಳುವುದು ಸಂಕೋಚಪಡಬೇಕಾದ ವಿಷಯವೇನೂ ಅಲ್ಲ. ಘಟ್ಟದ ರೈಲಿನ ಸಂಗತಿಯೂ ಹೀಗೆಯೇ. ಸಕಲೇಶಪುರ–ಸುಬ್ರಹ್ಮಣ್ಯ ರಸ್ತೆ ನಡುವಿನ ಸುಮಾರು 55 ಕಿ.ಮೀ. ಮಾರ್ಗದಲ್ಲಿ 57 ಸುರಂಗಗಳಿವೆ. ಕಾದಂಬರಿಯ ಕಾಲದ ಮೀಟರ್ ಗೇಜ್ ಮಾತ್ರ ಈಗಿಲ್ಲ.

ಕಾಲವೂ ಲೆಕ್ಕಕ್ಕೆ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ದಿನಗಟ್ಟಲೆ ಕ್ಯಾಮೆರಾ ಕಾಯಬೇಕಾಗುವುದರಿಂದ ತಂಡಗಳು ಬಯಸುವುದು ಡಿಸೆಂಬರ್, ಜನವರಿ ತಿಂಗಳುಗಳನ್ನು. ಕಾಫಿ ಕೊಯ್ಲೂ ಅದೇ ತಿಂಗಳುಗಳಲ್ಲಿ. ಜನಜಂಗುಳಿಯ ದೃಶ್ಯಕ್ಕೆಂದು ಆಳುಗಳು ತೋಟ ಬಿಟ್ಟು ಹೋದರೆ ಕೂಲಿ ಏರುತ್ತದೆ, ಹಣ್ಣು ಗಿಡದಲ್ಲೇ ಉಳಿಯುತ್ತದೆ. ಪೇಟೆಗೆ ಲಾಭವಾಗಿ ಕಂಡದ್ದು ತೋಟಕ್ಕೆ ನಷ್ಟವಾಗಬಹುದು. ಆಲೂರು, ಸಕಲೇಶಪುರ ತಾಲ್ಲೂಕುಗಳಲ್ಲಿ ಆನೆಗಳ ಸಂಚಾರವಿರುವುದರಿಂದ ರಾತ್ರಿ ಚಿತ್ರೀಕರಣ, ಜನರೇಟರ್, ಬೆಳಕಿನ ವ್ಯವಸ್ಥೆಗಳನ್ನು ಅರಣ್ಯ ಇಲಾಖೆಯೊಂದಿಗೆ ಮೊದಲೇ ಮಾತಾಡಿಕೊಳ್ಳದೆ ಕೈಹಚ್ಚುವುದು ಅಪಾಯ.

ಅನುಮತಿಯ ಎಲ್ಲೆ ಎಷ್ಟು ಸೂಕ್ಷ್ಮವೆಂಬುದು 2025ರ ಜನವರಿಯಲ್ಲಿ ಕಂಡುಬಂದಿತು. ಸಕಲೇಶಪುರ ತಾಲ್ಲೂಕು ಯಸಳೂರು ಹೋಬಳಿಯ ಹೇರೂರು ಸಮೀಪದ ಗವಿಗುಡ್ಡದಲ್ಲಿ ‘ಕಾಂತಾರ’ದ ಹೊಸ ಭಾಗದ ಚಿತ್ರೀಕರಣ ನಡೆಯುತ್ತಿದ್ದಾಗ, ಗೋಮಾಳಕ್ಕೆಂದು ಪಡೆದ ಅನುಮತಿಯನ್ನು ಮೀರಿ ಅರಣ್ಯಕ್ಕೆ ಹಾನಿಯಾಗುತ್ತಿದೆಯೆಂದು ಗ್ರಾಮಸ್ಥರು ದೂರಿದರು, ಅರಣ್ಯ ಸಚಿವರು ಪರಿಶೀಲನೆಗೆ ಸೂಚಿಸಿದರು. ಆ ಚಿತ್ರ ಪುಸ್ತಕ ಆಧರಿಸಿದ್ದಲ್ಲ. ಆದರೆ ಗುಡ್ಡ, ಕಾಡು, ಗೋಮಾಳಗಳ ಗಡಿ ಯಾವ ಕಥೆಗೂ ಬದಲಾಗದು. ಕೆಲಸ ನಿಂತ ದಿನ ಊಟ, ವಾಹನ, ಶಾಮಿಯಾನ ಒದಗಿಸಿದವರ ಬಾಕಿ ಏನಾಗಬೇಕೆಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು.

ಬಾಕಿಯ ವಿಷಯದಲ್ಲಿ ಒಂದು ವ್ಯತ್ಯಾಸ ಅನೇಕರ ಗಮನಕ್ಕೆ ಬಂದಿಲ್ಲ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯಿದೆಯಡಿ ನೋಂದಾಯಿತ ಸೂಕ್ಷ್ಮ ಮತ್ತು ಸಣ್ಣ ತಯಾರಕರಿಗೆ ಹಾಗೂ ಸೇವಾ ಉದ್ಯಮಗಳಿಗೆ ಖರೀದಿದಾರ ಹೆಚ್ಚೆಂದರೆ 45 ದಿನಗಳಲ್ಲಿ ಹಣ ಕೊಡಬೇಕು. ಲಿಖಿತ ಕರಾರಿಲ್ಲದಿದ್ದರೆ 15 ದಿನಗಳಲ್ಲಿ. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಮರದ ಸಾಮಾನು ಮಾಡಿಕೊಡುವ ಕಾರ್ಖಾನೆಗೆ, ಅಡುಗೆ ಗುತ್ತಿಗೆದಾರರಿಗೆ ಇದು ನೆರವಾಗುತ್ತದೆ. ಸರಕನ್ನು ಕೊಂಡು ಮಾರುವ ಸಗಟು ಮತ್ತು ಚಿಲ್ಲರೆ ವರ್ತಕರನ್ನು 2021ರಲ್ಲಿ ಉದ್ಯಮ್ ನೋಂದಣಿಗೆ ಸೇರಿಸಿದ್ದು ಆದ್ಯತಾ ವಲಯದ ಸಾಲದ ಸೌಲಭ್ಯಕ್ಕೆ ಮಾತ್ರ. ತಡ ಪಾವತಿಯ ಈ ರಕ್ಷಣೆ ಅವರಿಗೆ ದೊರೆಯದು. ಕಿರಾಣಿ, ಬಟ್ಟೆ, ಹಾರ್ಡ್‌ವೇರ್ ಅಂಗಡಿಯವರು ಚಿತ್ರತಂಡಕ್ಕೆ ಉದ್ರಿ ಕೊಡುವಾಗ ಇದನ್ನು ನೆನಪಿನಲ್ಲಿಟ್ಟು, ಗಣನೀಯ ಮೊತ್ತದ ಮುಂಗಡ ಪಡೆದೇ ಸರಕು ಎತ್ತಿಸುವುದು ಕ್ಷೇಮ.

ಕೊನೆಯದಾಗಿ, ಚಿತ್ರೀಕರಣ ಮುಗಿದ ಮೇಲೆ ಉಳಿಯುವ ಸೆಟ್ಟು. ‘ಲಾರ್ಡ್ ಆಫ್ ದಿ ರಿಂಗ್ಸ್’ ಚಿತ್ರಗಳಿಗಾಗಿ ನ್ಯೂಜಿಲೆಂಡಿನ ಮಾಟಾಮಾಟಾದ ಕುರಿ ಫಾರ್ಮಿನಲ್ಲಿ ಕಟ್ಟಿದ ಕುಳ್ಳರ ಹಳ್ಳಿಯನ್ನು ಕೆಡವುವುದೆಂದೇ ಮೊದಲು ತೀರ್ಮಾನವಾಗಿತ್ತು. ಅರ್ಧ ಕೆಡವಿ ಬಿಟ್ಟದ್ದನ್ನೇ ನೋಡಲು ಜನ ಬರತೊಡಗಿದಾಗ 2002ರಿಂದ ಪ್ರವಾಸ ಆರಂಭವಾಯಿತು. ‘ಹಾಬಿಟ್’ ಚಿತ್ರಗಳ ವೇಳೆಗೆ ಹಳ್ಳಿಯನ್ನು ಶಾಶ್ವತ ಸಾಮಗ್ರಿಯಿಂದ ಮತ್ತೆ ಕಟ್ಟಲಾಯಿತು. ಶಿವಮೊಗ್ಗ ಜಿಲ್ಲೆಯ ಅರಸಾಳು ರೈಲು ನಿಲ್ದಾಣ ‘ಮಾಲ್ಗುಡಿ ಡೇಸ್’ನಲ್ಲಿ ಕಾಣಿಸಿಕೊಂಡು ಮೂರು ದಶಕಗಳಿಗೂ ಹೆಚ್ಚು ಕಾಲದ ನಂತರ, 2020ರಲ್ಲಿ, ಅಲ್ಲಿನ ಹಳೆಯ ಕಟ್ಟಡ ಮಾಲ್ಗುಡಿ ವಸ್ತುಸಂಗ್ರಹಾಲಯವಾಯಿತು. ಸಕಲೇಶಪುರದ ತೋಟವೊಂದರಲ್ಲಿ ಜುಗಾರಿ ಕ್ರಾಸಿನ ಅಂಗಡಿ ಸಾಲು ಎದ್ದರೆ ಅದು ಬಿದಿರು ತಟ್ಟಿಯದೋ ಇಟ್ಟಿಗೆಯದೋ, ಮುಗಿದ ಮೇಲೆ ಯಾರ ಸ್ವತ್ತು, ಕೆಡವುವ ಖರ್ಚು ಯಾರದು ಎಂಬುದು ಬಾಡಿಗೆ ಕರಾರಿನಲ್ಲಿಯೇ ಇರಬೇಕು. ಇಟ್ಟಿಗೆಯದಾದರೆ ಭೂ ಪರಿವರ್ತನೆಯ ಪ್ರಶ್ನೆ ಏಳುವುದರಿಂದ ಸಹಿ ಹಾಕುವ ಮುನ್ನ ತಹಶೀಲ್ದಾರರ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಅಗತ್ಯ.