ಪರದೆಯ ಅಂಚು ದಾಟುವ ಬಸ್ಸು: ಶೇಷದ ಪಾಠಕ್ಕೊಂದು ಚಟುವಟಿಕೆ

ಭಾಗಾಕಾರದಲ್ಲಿ ಶೇಷವೆಂದರೆ ‘ಮಿಕ್ಕಿದ್ದು’ ಎಂದಷ್ಟೇ ಹೆಚ್ಚಿನ ಮಕ್ಕಳು ತಿಳಿದಿರುತ್ತಾರೆ. ಭಾಗಲಬ್ಧವೇ ಉತ್ತರ, ಶೇಷ ಅದರ ಬಾಲ. ಆದರೆ ವಾರದ ದಿನ ಎಣಿಸುವಾಗ, ಗಡಿಯಾರ ನೋಡುವಾಗ ನಮಗೆ ಬೇಕಾದದ್ದು ಶೇಷವೇ. ವಿಡಿಯೋ ಆಟಗಳಲ್ಲಿಯೂ ಹಾಗೆಯೇ. ಪರದೆಯ ಬಲ ಅಂಚಿನಿಂದ ಹೊರಹೋದ ಚಿತ್ರ ಎಡ ಅಂಚಿನಿಂದ ಒಳಬರುವುದನ್ನು ಮಕ್ಕಳು ನೋಡಿರುತ್ತಾರೆ. ಈ ಅನುಭವವನ್ನೇ ಪೂರ್ವಜ್ಞಾನವಾಗಿ ಬಳಸಿ ಶೇಷವನ್ನು ಕಲಿಸುವ ಬಗೆಯನ್ನು ಇಲ್ಲಿ ವಿವರಿಸಿದೆ. ಗ್ರಾಫ್ ಹಾಳೆ, ಕತ್ತರಿ, ಸೆಲ್ಲೋ ಟೇಪ್ ಸಾಕು. ಕಂಪ್ಯೂಟರ್ ಇಲ್ಲದ ಶಾಲೆಯಲ್ಲೂ ಮಾಡಬಹುದು.

ಹಂತ 1: ಒಂದು ಚೌಕದ ಚಲನೆ

20 ಚೌಕಗಳ ಪಟ್ಟಿಯೊಂದನ್ನು ಕತ್ತರಿಸಿ, ಚೌಕಗಳಿಗೆ 0ರಿಂದ 19ರವರೆಗೆ ಸಂಖ್ಯೆ ಕೊಡಿ. ಇದೇ ನಮ್ಮ ಪರದೆ. 19ರಲ್ಲಿರುವ ಹುಣಸೆಬೀಜವನ್ನು ಒಂದು ಹೆಜ್ಜೆ ಮುಂದಿಟ್ಟರೆ ಸ್ಥಾನ 20. ಅದನ್ನು 20ರಿಂದ ಭಾಗಿಸಿದರೆ ಶೇಷ 0; ಬೀಜ ಮೊದಲ ಚೌಕಕ್ಕೆ ಬಂತು. ಸ್ಥಾನ 47 ಆದರೆ 7ನೇ ಚೌಕ. ಎಷ್ಟು ಸುತ್ತು ಬಂತು ಎಂಬುದನ್ನು ಭಾಗಲಬ್ಧ ಹೇಳುತ್ತದೆ, ಈಗ ಎಲ್ಲಿದೆ ಎಂಬುದನ್ನು ಶೇಷ ಹೇಳುತ್ತದೆ.

ಹಂತ 2: ನಾಲ್ಕು ಚೌಕದ ಬಸ್ಸು

ಈಗ 4 ಚೌಕ ಅಗಲದ ಬಸ್ಸಿನ ಚಿತ್ರವನ್ನು ರಟ್ಟಿನಲ್ಲಿ ಕತ್ತರಿಸಿ. ಅದರ ಎಡತುದಿ ಇರುವ ಚೌಕವೇ ಬಸ್ಸಿನ ಸ್ಥಾನ. ಸ್ಥಾನ 18 ಆದಾಗ ಬಸ್ಸು 18, 19, 20, 21ನೇ ಚೌಕಗಳನ್ನು ಆವರಿಸಬೇಕು. ಕೊನೆಯ ಎರಡು ಪರದೆಯಲ್ಲೇ ಇಲ್ಲ. ಸ್ಥಾನಕ್ಕೆ ಮಾತ್ರ ಶೇಷ ಹಾಕಿ ಸುಮ್ಮನಾದರೆ ಬಸ್ಸಿನ ಅರ್ಧ ಮಾಯವಾಗಿ, ಸ್ಥಾನ 20 ಆದೊಡನೆ ಇಡೀ ಬಸ್ಸು ಎಡಗಡೆ ದಿಢೀರನೆ ಕಾಣಿಸಿಕೊಳ್ಳುತ್ತದೆ.

‘ಉಳಿದರ್ಧ ಎಲ್ಲಿ ಕಾಣಬೇಕು?’ ಎಂದು ಕೇಳಿ, ಮಕ್ಕಳು ಯೋಚಿಸಲು ಸಮಯ ಕೊಡಿ. 20 ಮತ್ತು 21ಕ್ಕೆ ಶೇಷ ತೆಗೆದರೆ 0 ಮತ್ತು 1. ಅಂದರೆ ಅದೇ ಚಿತ್ರವನ್ನು 18 − 20 = −2ರಿಂದ ಇನ್ನೊಮ್ಮೆ ಬರೆಯಬೇಕು. ಈ ಪ್ರತಿಯಲ್ಲಿ −2, −1ನೇ ಚೌಕಗಳು ಪರದೆಯ ಹೊರಗೆ ಉಳಿಯುತ್ತವೆ. 0, 1 ಕಾಣುತ್ತವೆ. ಒಟ್ಟು ನಾಲ್ಕೂ ಚೌಕ ಸಿಕ್ಕವು.

ನಿಯಮ: ಸ್ಥಾನ + ಚಿತ್ರದ ಅಗಲ, ಪರದೆಯ ಅಗಲಕ್ಕಿಂತ ಹೆಚ್ಚಾದರೆ, ‘ಸ್ಥಾನ − ಪರದೆಯ ಅಗಲ’ದಲ್ಲಿ ಮತ್ತೊಮ್ಮೆ ಬರೆಯಿರಿ. ನಮ್ಮ ಬಸ್ಸಿಗೆ ಇದು 17, 18, 19 ಎಂಬ ಮೂರು ಸ್ಥಾನಗಳಲ್ಲಿ ಮಾತ್ರ ಬೇಕು. ಈ ನಿಯಮವನ್ನು ಶಿಕ್ಷಕರು ಮೊದಲೇ ಕಪ್ಪುಹಲಗೆಯ ಮೇಲೆ ಬರೆಯಬಾರದು, ಮಕ್ಕಳಿಂದಲೇ ಬರಬೇಕು.

ಹಂತ 3: ಪಟ್ಟಿಯನ್ನು ಕೊಳವೆ ಮಾಡುವುದು

‘ಹಾಗಾದರೆ ಬಸ್ಸುಗಳು ಎರಡೇ?’ ಎಂಬ ಪ್ರಶ್ನೆ ಏಳುವುದು ಇಲ್ಲಿಯೇ. ಪಟ್ಟಿಯನ್ನು ಸುತ್ತಿ 19ನೇ ಚೌಕದ ಪಕ್ಕಕ್ಕೆ 0 ಬರುವಂತೆ ಅಂಟಿಸಿ, ಬೆಸುಗೆಯ ಮೇಲೆ ಒಂದು ಬಸ್ಸು ಬರೆಸಿ. ಬೆಸುಗೆ ಬಿಚ್ಚಿದಾಗ ಎರಡು ತುದಿಗಳಲ್ಲಿ ಎರಡು ತುಂಡು. ಬಸ್ಸು ಒಂದೇ, ಸ್ಥಾನವೂ ಒಂದೇ. ಬರೆಯುವುದು ಮಾತ್ರ ಎರಡು ಸಲ. ಇಡೀ ಪಾಠದ ತಿರುಳು ಇದು.

1980ರ ಪ್ಯಾಕ್‌ಮ್ಯಾನ್ ಆಟದಲ್ಲಿ ಎಡ–ಬಲ ಅಂಚುಗಳು ಮಾತ್ರ ಸುರಂಗದಿಂದ ಕೂಡುತ್ತವೆ; ಅದು ನಮ್ಮ ಕೊಳವೆ. 1979ರ ಅಟಾರಿಯ ಆಸ್ಟರಾಯ್ಡ್ಸ್‌ನಲ್ಲಿ ಮೇಲು–ಕೆಳ ಅಂಚುಗಳೂ ಕೂಡುತ್ತವೆ. ಕೊಳವೆಯ ಎರಡು ಬಾಯಿಗಳನ್ನೂ ಸೇರಿಸಿದರೆ ಸಿಗುವ ಆಕಾರ ಕೋಡುಬಳೆಯದು. ಇಂಥ ಪರದೆಯ ಮೂಲೆಯಲ್ಲಿ ನಿಂತ ಚಿತ್ರವನ್ನು ನಾಲ್ಕು ಸಲ ಬರೆಯಬೇಕಾಗುತ್ತದೆ.

ಹಂತ 4: ಎಡಕ್ಕೆ ಚಲನೆ

0ಯಿಂದ ಒಂದು ಹೆಜ್ಜೆ ಎಡಕ್ಕೆ ಹೋದರೆ ಸ್ಥಾನ −1. ಶೇಷವೆಷ್ಟು? ‘−1’ ಎನ್ನುವ ಮಕ್ಕಳಿಗೆ ಕೊಳವೆಯನ್ನು ತೋರಿಸಿ. ಅಲ್ಲಿ 0ಯ ಎಡಕ್ಕಿರುವುದು 19. ಯೂಕ್ಲಿಡನ ಭಾಗಾಕಾರ ನಿಯಮದಲ್ಲಿ ಶೇಷ ಋಣವಾಗುವಂತಿಲ್ಲ: −1 = 20 × (−1) + 19. ಪೈಥಾನ್ ಭಾಷೆ ಇಲ್ಲಿ 19 ಎಂದೇ ಉತ್ತರಿಸುತ್ತದೆ. ಸಿ, ಜಾವಾ, ಜಾವಾಸ್ಕ್ರಿಪ್ಟ್‌ಗಳು −1 ಕೊಡುತ್ತವೆ; ಅವುಗಳಲ್ಲಿ ಬಂದ ಉತ್ತರಕ್ಕೆ 20 ಕೂಡಿಸಿ ಮತ್ತೆ ಶೇಷ ತೆಗೆಯಬೇಕು.

ಮೌಲ್ಯಮಾಪನ

1. 6 ಚೌಕ ಅಗಲದ ಲಾರಿಯನ್ನು ಯಾವ ಯಾವ ಸ್ಥಾನಗಳಲ್ಲಿ ಎರಡು ಸಲ ಬರೆಯಬೇಕು?
2. 1ನೇ ಚೌಕದಲ್ಲಿ ಒಂದು ಕಲ್ಲಿದೆ. ಬಸ್ಸಿನ ಸ್ಥಾನ 18. ಬಸ್ಸು ಕಲ್ಲಿಗೆ ತಾಗುತ್ತದೆಯೇ?

ಎರಡನೆಯದು ಮುಖ್ಯ. 18ರಲ್ಲಿ 1 ಕಳೆದು ‘17 ಚೌಕ ದೂರ, ತಾಗದು’ ಎಂದವರು ಸೂತ್ರವನ್ನಷ್ಟೇ ಕಲಿತಿದ್ದಾರೆ. ‘ತಾಗುತ್ತದೆ’ ಎಂದು ಕಾರಣ ಕೊಟ್ಟವರಿಗೆ ಪಟ್ಟಿ ಕೊಳವೆಯಾಗಿ ಕಂಡಿದೆ. ಮೊದಲ ಗುಂಪಿನ ಕೈಗೆ ಕೊಳವೆಯನ್ನು ಇನ್ನೊಮ್ಮೆ ಕೊಟ್ಟ ನಂತರವೇ ಮುಂದಿನ ಪಾಠಕ್ಕೆ ಹೋಗುವುದು ಒಳ್ಳೆಯದು.